ಹೆದ್ದಾರಿಯ ಪಿಕಪ್‌ಗೆ ಯಾವ ಟೈರ್? ಮೂರು ಸೆಟ್ ಸವೆಸಿ ಕಂಡದ್ದು

ಪಿಕಪ್‌ನ ಟೈರ್ ಆರಿಸುವಾಗ ನಾವು ನೆನೆಯುವುದು ಕೆಸರು, ಕಲ್ಲು, ಏರುಹಾದಿ. ನನ್ನ ಗಾಡಿ ಓಡುವ ನೂರು ಕಿಲೋಮೀಟರ್‌ಗಳಲ್ಲಿ ತೊಂಬತ್ತು ಡಾಂಬರು ಹೆದ್ದಾರಿ. ವಾರದ ಹೆಚ್ಚಿನ ದಿನ ಹಿಂಬದಿಯ ತೊಟ್ಟಿ ಖಾಲಿ, ಒಂದೆರಡು ದಿನ ಮಾತ್ರ ಭಾರ. ಇಂಥ ಓಡಾಟಕ್ಕೆ ಒಪ್ಪುವ ಟೈರ್ ಯಾವುದೆಂದು ತಿಳಿಯಲು ನನಗೆ ಮೂರು ಸೆಟ್ ಬೇಕಾಯಿತು: ಮೊದಲು ಎಲ್ಲ ಬಗೆಯ ನೆಲಕ್ಕೆಂದು ಮಾಡಿದ ಎಟಿ, ಆಮೇಲೆ ಭಾರಕ್ಕೆಂದು ಮಾಡಿದ ಎಲ್‌ಟಿ, ಈಗ ಹೆದ್ದಾರಿಗೆಂದೇ ಮಾಡಿದ ಎಚ್‌ಟಿ. ಮೂರರ ಅಳತೆಯೂ ಒಂದೇ, 265/65 ಆರ್ 17: ಅಗಲ 265 ಮಿಲಿಮೀಟರ್, ಪಕ್ಕದ ಎತ್ತರ ಆ ಅಗಲದ ನೂರಕ್ಕೆ 65 ಪಾಲು, ರಿಮ್ 17 ಇಂಚು.

ಎಟಿ ಹಾಕಿಸಿದ ದಿನ ಗಾಡಿ ಚೆನ್ನಾಗಿ ಕಂಡಿತು, ಅದನ್ನು ಅಲ್ಲಗಳೆಯುವುದಿಲ್ಲ. ದಪ್ಪ ಬಟನ್‌ಗಳು, ನಡುವೆ ಅಗಲವಾದ ತೋಡುಗಳು. ಜಲ್ಲಿ ಹಾದಿಯಲ್ಲಿ ಅದರ ಮೇಲೆ ನನಗೆ ಪೂರ್ತಿ ನಂಬಿಕೆ ಇತ್ತು. ಅಷ್ಟು ದಿನದಲ್ಲಿ ಒಂದು ಪಂಕ್ಚರ್ ಕೂಡ ಆಗಲಿಲ್ಲ. ಆ ನಂಬಿಕೆ ಅಲುಗಿದ್ದು ಒಂದು ಸಂಜೆ ಹೆದ್ದಾರಿಯ ತಿರುವಿನಲ್ಲಿ. ಮಳೆ ಆಗಷ್ಟೇ ಶುರುವಾಗಿತ್ತು, ರಸ್ತೆಯಲ್ಲಿ ನೀರು ನಿಂತಿರಲಿಲ್ಲ, ಮೇಲ್ಮೈ ಮಾತ್ರ ಒದ್ದೆಯಾಗಿ ಮಿನುಗುತ್ತಿತ್ತು. ತೊಟ್ಟಿ ಖಾಲಿ. ವೇಗ ತಗ್ಗಿಸಿ ತಿರುಗಿಸಿದಾಗ ಗಾಡಿಯ ಹಿಂಭಾಗ ಒಂದು ಗೇಣಿನಷ್ಟು ಹೊರಕ್ಕೆ ಜಾರಿತು. ಗಾಡಿ ಜಾರಿದಾಗ ತಾನಾಗಿ ಬ್ರೇಕ್ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲ್ ಅದನ್ನು ಹಿಡಿದು ನಿಲ್ಲಿಸಿತು, ನಾನು ಬಚಾವಾದೆ. ಆದರೆ ಕಾರಣ ತಿಳಿಯುವವರೆಗೂ ನನಗೆ ಸಮಾಧಾನವಾಗಲಿಲ್ಲ.

ನಾವು ಒದ್ದೆ ರಸ್ತೆ ಎಂದು ಒಂದೇ ಮಾತಿನಲ್ಲಿ ಹೇಳುವುದರೊಳಗೆ ಎರಡು ಬೇರೆ ಅಪಾಯಗಳಿವೆ. ನೀರು ನಿಂತ ಕಡೆ ಟೈರ್ ನೆಲ ಬಿಟ್ಟು ನೀರಿನ ಮೇಲೆ ತೇಲುವುದು ಒಂದು. ಅಲ್ಲಿ ಎಟಿಯ ಆಳವಾದ ತೋಡುಗಳು ನೆರವಿಗೆ ಬರುತ್ತವೆ. ತೆಳುವಾದ ನೀರಿನ ಪೊರೆಯ ಮೇಲೆ ರಬ್ಬರು ಹಿಡಿತ ಕಳೆದುಕೊಳ್ಳುವುದು ಇನ್ನೊಂದು. ಅಲ್ಲಿ ಬೇಕಾದದ್ದು ನೆಲಕ್ಕೆ ತಾಗುವ ಹೆಚ್ಚು ರಬ್ಬರು, ಮತ್ತು ಆ ಪೊರೆಯನ್ನು ಕತ್ತರಿಸುವ ಸಣ್ಣ ಸೀಳುಗಳು, ಬ್ಲೇಡಿನಿಂದ ಕೊಯ್ದಂಥವು. ಎಟಿಯಲ್ಲಿ ತೋಡುಗಳು ಅಗಲವಾದಷ್ಟೂ ನೆಲಕ್ಕೆ ತಾಗುವ ಭಾಗ ಕಡಿಮೆ. ಕಲ್ಲಿಗೆ ಹರಿಯದಿರಲೆಂದು ಬೆರೆಸಿದ ಗಟ್ಟಿ ರಬ್ಬರು ಒದ್ದೆ ಡಾಂಬರನ್ನು ಅಷ್ಟು ಬಿಗಿಯಾಗಿ ಕಚ್ಚುವುದಿಲ್ಲ. ಇದಕ್ಕೆ ಪಿಕಪ್‌ನ ಸ್ವಭಾವವನ್ನೂ ಸೇರಿಸಿಕೊಳ್ಳಬೇಕು: ಎಂಜಿನ್ನಿನ ತೂಕ ಮುಂದೆ, ಓಡಿಸುವ ಚಕ್ರ ಹಿಂದೆ, ಭಾರ ಹೊರಲೆಂದು ಗಟ್ಟಿಯಾಗಿ ಮಾಡಿದ ಸ್ಪ್ರಿಂಗ್ ಹಿಂದೆ. ತೊಟ್ಟಿ ಖಾಲಿಯಿದ್ದಾಗ ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತಿ ಹಿಡಿಯುವ ತೂಕವೇ ಇರುವುದಿಲ್ಲ. ಕಾರಿನಲ್ಲಿ ಹೆಚ್ಚು ಬಾಧಿಸದ ಟೈರ್‌ನ ಕೊರತೆ ಖಾಲಿ ಪಿಕಪ್‌ನಲ್ಲಿ ಎದ್ದು ಕಾಣುವುದು ಇದರಿಂದಲೇ.

ಸದ್ದಿನ ವಿಷಯವೂ ಇದೆ. ಮೊದಲ ಹತ್ತು ಸಾವಿರ ಕಿಲೋಮೀಟರ್ ಎಟಿ ತಕ್ಕಮಟ್ಟಿಗೆ ಸುಮ್ಮನಿತ್ತು. ಆಮೇಲೆ ಬಟನ್‌ಗಳ ಅಂಚು ಗರಗಸದ ಹಲ್ಲಿನಂತೆ ಸವೆಯತೊಡಗಿತು, ಎಂಬತ್ತರ ವೇಗದಲ್ಲಿ ಒಂದೇ ಸಮನೆ ಗುಂಯ್‌ಗುಡುವ ಸದ್ದು ಶುರುವಾಯಿತು. ಮುಂದಿನ ಚಕ್ರ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಬದಲಿಸಿದರೆ ಸ್ವಲ್ಪ ತಗ್ಗುತ್ತಿತ್ತು, ಹೋಗುತ್ತಿರಲಿಲ್ಲ.

ಅದು ಸವೆದ ಮೇಲೆ, ಭಾರ ಹೊರುವ ಗಾಡಿಗೆ ಭಾರದ ಟೈರ್ ಇರಲಿ ಎಂದು ಎಲ್‌ಟಿ ತಂದೆ. ಪಕ್ಕದಲ್ಲಿ ಅಚ್ಚಾದ ಅಂಕಿ ನೋಡಿ ಮರುಳಾದದ್ದು ನಿಜ. ಗಾಡಿಯ ಜೊತೆಗೆ ಬಂದ ಟೈರ್‌ನ ಭಾರದ ಸೂಚ್ಯಂಕ 112, ಅಂದರೆ ಒಂದು ಟೈರ್ 1120 ಕಿಲೋ ಹೊರುತ್ತದೆ. ಎಲ್‌ಟಿಯ ಮೇಲೆ 120/117 ಎಂದಿತ್ತು: ಒಂಟಿ ಚಕ್ರಕ್ಕೆ 1400 ಕಿಲೋ, ಜೋಡಿ ಚಕ್ರವಾದರೆ ತಲಾ 1285. ಆ ಅಂಕಿಯ ಹಿಂದಿರುವ ಷರತ್ತು ಗಾಳಿ. ಎಲ್‌ಟಿ ಟೈರ್ ಅಷ್ಟೇ ಭಾರವನ್ನು ಹೊರಲು ಸಾಮಾನ್ಯ ಟೈರ್‌ಗಿಂತ ಹೆಚ್ಚು ಗಾಳಿ ಕೇಳುತ್ತದೆ. ಬಾಗಿಲ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿರುವುದು ಗಾಡಿಯ ಮೂಲ ಟೈರ್‌ನ ಲೆಕ್ಕ. ಮೊದಲ ತಿಂಗಳು ನಾನು ಚೀಟಿಯಂತೆಯೇ ಗಾಳಿ ಹಿಡಿಸಿದೆ. ಭಾರ ಹೇರಿ ನೂರು ಕಿಲೋಮೀಟರ್ ಓಡಿಸಿ ಇಳಿದು ಮುಟ್ಟಿ ನೋಡಿದರೆ ಟೈರ್‌ನ ಪಕ್ಕ ಕೈ ಇಡಲಾಗದಷ್ಟು ಬಿಸಿ. ಟೈರ್ ಸಿಡಿಯುವುದಕ್ಕೆ ದೊಡ್ಡ ಕಾರಣ ಇದೇ: ಗಾಳಿ ಕಡಿಮೆ, ಭಾರ ಹೆಚ್ಚು, ವೇಗ ಹೆಚ್ಚು. ಟೈರ್ ತಯಾರಕರ ಭಾರದ ಪಟ್ಟಿ ನೋಡಿ ಗಾಳಿ ಏರಿಸಿದೆ. ಆಗ ಭಾರ ಹೇರಿದ ದಿನ ಗಾಡಿ ಬಂಡೆಯಂತೆ ನೆಟ್ಟಗೆ ಓಡಿತು, ಮೂರು ಸೆಟ್‌ಗಳಲ್ಲೇ ಅತ್ಯುತ್ತಮವಾಗಿ. ಖಾಲಿ ದಿನಗಳಲ್ಲಿ ಮಾತ್ರ ಸೇತುವೆಯ ಒಂದೊಂದು ಜೋಡಣೆಗೂ ಹಿಂಭಾಗ ಪುಟಿಯುತ್ತಿತ್ತು. ವಾರವಿಡೀ ಭಾರ ಹೊರುವ ಗೆಳೆಯನೊಬ್ಬನಿಗೆ ಆ ಸೆಟ್ ಕೊಟ್ಟುಬಿಟ್ಟೆ. ಅವನಿಗೆ ಅದು ಹೇಳಿ ಮಾಡಿಸಿದಂತಿದೆ.

ಈಗಿರುವ ಎಚ್‌ಟಿ ನೋಡಲು ಸಪ್ಪೆ. ಸುತ್ತಲೂ ಉದ್ದಕ್ಕೆ ಹರಿದ ನಾಲ್ಕು ತೋಡುಗಳು, ನಡುವಿನ ಪಟ್ಟಿಗಳ ಮೇಲೆ ಸಣ್ಣ ಸಣ್ಣ ಸೀಳುಗಳು. ಹೊಸದರಲ್ಲಿ ಅಳೆದಾಗ ತೋಡಿನ ಆಳ ಎಂಟು ಮಿಲಿಮೀಟರ್ ಚಿಲ್ಲರೆ. ಎಟಿಯಲ್ಲಿ ಅದು ಹನ್ನೊಂದರ ಮೇಲಿತ್ತು. ಬೇಗ ಸವೆದೀತೆಂಬ ಅಳುಕಿತ್ತು. ಮೂವತ್ತು ಸಾವಿರ ಕಿಲೋಮೀಟರ್ ದಾಟಿದ ಮೇಲೂ ಐದು ಮಿಲಿಮೀಟರ್ ಉಳಿದಿದೆ, ಸವೆತವೂ ಸಮನಾಗಿದೆ. ಅದೇ ತಿರುವಿನಲ್ಲಿ, ಅಂಥದೇ ಮಳೆಯಲ್ಲಿ, ಖಾಲಿ ತೊಟ್ಟಿಯೊಂದಿಗೆ ಎಷ್ಟೋ ಸಲ ಹಾದಿದ್ದೇನೆ. ಹಿಂಭಾಗ ಒಮ್ಮೆಯೂ ಜಾರಿಲ್ಲ. ಟ್ಯಾಂಕ್ ತುಂಬಿಸಿ ಬರೆದಿಟ್ಟ ಲೆಕ್ಕದಲ್ಲಿ ಎಟಿಗೆ ಲೀಟರ್‌ಗೆ ಸರಾಸರಿ 10.9 ಕಿಲೋಮೀಟರ್ ಬಂದಿತ್ತು, ಎಲ್‌ಟಿಗೂ ಹೆಚ್ಚುಕಡಿಮೆ ಅಷ್ಟೇ. ಎಚ್‌ಟಿಗೆ 11.7. ಪಕ್ಕದಲ್ಲಿ ಕೂತವರೊಡನೆ ದನಿ ಏರಿಸದೆ ಮಾತನಾಡಬಹುದು ಎಂಬುದು ಲೆಕ್ಕಕ್ಕೆ ಸಿಗದ ಲಾಭ, ಆದರೆ ಆರು ಗಂಟೆಯ ಪ್ರಯಾಣದ ಕೊನೆಗೆ ಮೈಗೆ ಗೊತ್ತಾಗುವ ಲಾಭ.

ಎಚ್‌ಟಿ ಸೋಲುವ ಕಡೆ ಪೂರ್ತಿ ಸೋಲುತ್ತದೆ. ಮಳೆ ಬಂದು ನಿಂತ ಮೇಲೆ ಒಂದು ಮಣ್ಣಿನ ಏರಿನಲ್ಲಿ ತೋಡುಗಳೆಲ್ಲ ಕೆಸರು ತುಂಬಿಕೊಂಡು ಚಕ್ರ ನಿಂತಲ್ಲೇ ತಿರುಗಿತು. ಎಟಿ ಇದ್ದಿದ್ದರೆ ಹತ್ತುತ್ತಿತ್ತು. ನಿಮ್ಮ ಮನೆಯ ಕೊನೆಯ ಅರ್ಧ ಕಿಲೋಮೀಟರ್ ಅಂಥದ್ದಾಗಿದ್ದರೆ ನನ್ನ ತೀರ್ಮಾನ ನಿಮಗಲ್ಲ.

ಅಳತೆ ಹಿಗ್ಗಿಸುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು. 265/65ರ ಬದಲು 265/70 ಹಾಕಿದರೆ ಚಕ್ರದ ಎತ್ತರ 776 ಮಿಲಿಮೀಟರ್‌ನಿಂದ 803ಕ್ಕೆ ಏರುತ್ತದೆ. ಮೊದಲು ವೇಗದ ಮೀಟರ್ ಸರಿಯಾಗಿಯೇ ತೋರಿಸುತ್ತಿದ್ದರೆ, ಆಮೇಲೆ ನೂರು ಎಂದಾಗ ನಿಜವಾದ ವೇಗ 103ಕ್ಕಿಂತ ಹೆಚ್ಚು. ಗಾಡಿ ಎಳೆಯುವುದೂ ಮಂದವಾಗುತ್ತದೆ. ಹೆದ್ದಾರಿ ಓಡಾಟಕ್ಕೆ ಅದರಿಂದ ಏನೂ ದಕ್ಕುವುದಿಲ್ಲ.

ಖರೀದಿಯ ದಿನ ನಾನು ನೋಡಿದ ಇನ್ನೊಂದು ಸಂಗತಿ ತಯಾರಾದ ವಾರ. ಟೈರ್‌ನ ಪಕ್ಕದಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳವು; 2324 ಎಂದಿದ್ದರೆ 2024ರ 23ನೆಯ ವಾರ. ನಾಲ್ಕರಲ್ಲಿ ಒಂದು ಟೈರ್ ಉಳಿದವಕ್ಕಿಂತ ಎರಡು ವರ್ಷ ಹಳೆಯದಾಗಿತ್ತು, ಬದಲಿಸಿಕೊಂಡೆ. ಸವೆತದ ಗುರುತು ಬರುವುದು 1.6 ಮಿಲಿಮೀಟರ್‌ಗೆ. ಮಳೆಯಲ್ಲಿ ಹಿಡಿತ ಕುಗ್ಗುವುದು ಅದಕ್ಕೂ ಮೊದಲೇ. ಹಾಗಾಗಿ ಮೂರಕ್ಕೆ ಬಂದಾಗ ತೆಗೆಸುತ್ತೇನೆ, ಮತ್ತೆ ಎಚ್‌ಟಿಯನ್ನೇ ಹಾಕಿಸುತ್ತೇನೆ. ಈ ಸಲ ಐದು, ಏಕೆಂದರೆ ಸ್ಟೆಪ್ನಿಯಲ್ಲಿ ಇನ್ನೂ ಗಾಡಿಯ ಜೊತೆ ಬಂದ ಟೈರ್ ಕೂತಿದೆ. ಅದು ಒಮ್ಮೆಯೂ ನೆಲ ಮುಟ್ಟಿಲ್ಲ, ಆದರೆ ಅದರ ರಬ್ಬರಿಗೆ ಎಂಟು ವರ್ಷ ತುಂಬಿದೆ.