ಹತ್ತು ನಿಮಿಷದ ಇಮೇಲ್ ಒಳ್ಳೆಯದಾ, ಮುಖವಾಡದ ಇಮೇಲ್ ಒಳ್ಳೆಯದಾ? ಎಂಟು ತಿಂಗಳು ಬಳಸಿ ನೋಡಿದ್ದು

ಕಳೆದ ವರ್ಷ ಅಪ್ಪನಿಗೆ ಊರ ಹತ್ತಿರ ಒಂದು ಸೈಟ್ ಹುಡುಕುತ್ತಿದ್ದೆ. ನಿವೇಶನ ಮಾರುವವರ ಒಂದು ವೆಬ್ ಪುಟದಲ್ಲಿ ಬೆಲೆ ನೋಡಬೇಕಾದರೆ ಇಮೇಲ್ ಕೊಡಲೇಬೇಕಿತ್ತು. ಕೊಟ್ಟೆ. ಆ ವಾರದಿಂದಲೇ ಗೃಹಸಾಲ, ವಿಮೆ, ಕ್ರೆಡಿಟ್ ಕಾರ್ಡ್, ಅಡುಗೆಮನೆ ಇಂಟೀರಿಯರ್ ಅಂತ ಮೇಲ್‌ಗಳು ಸುರಿಯತೊಡಗಿದವು. ಅನ್‌ಸಬ್‌ಸ್ಕ್ರೈಬ್ ಒತ್ತಿದರೆ ಒಂದು ನಿಲ್ಲುತ್ತಿತ್ತು, ಇನ್ನೆರಡು ಶುರುವಾಗುತ್ತಿದ್ದವು. ಆ ರಾಶಿಯ ನಡುವೆ ತಂಗಿಯ ಕಾಲೇಜಿನಿಂದ ಬಂದ ಒಂದು ಮೇಲ್ ಹೂತುಹೋಯಿತು. ದಾಖಲೆ ಪರಿಶೀಲನೆಯ ದಿನ ಬದಲಾಗಿದೆ ಅಂತ ಅದರಲ್ಲಿತ್ತು. ನಾನು ನೋಡಿದ್ದು ಎರಡು ದಿನ ತಡವಾಗಿ. ಹೇಗೋ ಸಮಯಕ್ಕೆ ಹೋಗಿ ಮುಟ್ಟಿದೆವು, ಆದರೆ ಆ ಗಾಬರಿ ಇನ್ನೂ ನೆನಪಿದೆ.

ಅಲ್ಲಿಂದ ಮುಂದೆ ಅಸಲಿ ವಿಳಾಸವನ್ನು ಕಂಡಕಂಡಲ್ಲಿ ಕೊಡಬಾರದು ಅಂತ ತೀರ್ಮಾನಿಸಿದೆ.

ಮೊದಲು ಹಿಡಿದದ್ದು ಜಿಮೇಲ್‌ನ ಪ್ಲಸ್ ದಾರಿ. ವಿಳಾಸದಲ್ಲಿ ನಿಮ್ಮ ಹೆಸರು ಮುಗಿದ ಮೇಲೆ, @ಗಿಂತ ಮೊದಲು + ಚಿಹ್ನೆ ಹಾಕಿ, ಅದರ ಪಕ್ಕ ಅಂಗಡಿಯ ಹೆಸರು ಬರೆದರೂ ಮೇಲ್ ನಿಮಗೇ ಬರುತ್ತದೆ. ಯಾರಿಗೆ ಕೊಟ್ಟ ವಿಳಾಸಕ್ಕೆ ಕಸ ಬರುತ್ತಿದೆ ಅಂತ ತಿಳಿಯುತ್ತದೆ. ಫಿಲ್ಟರ್ ಹಾಕಿ ಬೇರೆ ಲೇಬಲ್‌ಗೆ ತಳ್ಳಲೂಬಹುದು. ಆದರೆ ಎಷ್ಟೋ ಫಾರ್ಮ್‌ಗಳು ಪ್ಲಸ್ ಚಿಹ್ನೆ ಕಂಡರೆ ‘ತಪ್ಪು ಇಮೇಲ್’ ಅನ್ನುತ್ತವೆ. ಇನ್ನೂ ದೊಡ್ಡ ತೊಂದರೆ ಬೇರೆ ಇದೆ. ಪ್ಲಸ್‌ನಿಂದ ಆಚೆಗಿನದನ್ನು ಅಳಿಸಿದರೆ ಅಸಲಿ ವಿಳಾಸ ಹಾಗೇ ಕೈಗೆ ಸಿಗುತ್ತದೆ. ಮೇಲ್ ವಿಂಗಡಿಸಲು ಇದು ಸಾಕು, ಅಡಗಿಕೊಳ್ಳಲು ಸಾಲದು.

ಆಮೇಲೆ ತಾತ್ಕಾಲಿಕ ಇಮೇಲ್‌ಗಳ ಸರದಿ. ‘10 ಮಿನಿಟ್ ಮೇಲ್’ ಪುಟ ತೆರೆದರೆ ಸಾಕು, ಒಂದು ವಿಳಾಸ ಸಿದ್ಧವಾಗಿ ಕೂತಿರುತ್ತದೆ. ಹತ್ತು ನಿಮಿಷದ ಗಡಿಯಾರ ಓಡುತ್ತಿರುತ್ತದೆ. ಸಾಲದಿದ್ದರೆ ಗುಂಡಿ ಒತ್ತಿ ಇನ್ನೂ ಹತ್ತು ನಿಮಿಷ ಪಡೆಯಬಹುದು. ಒಂದು ಪಿಡಿಎಫ್ ಇಳಿಸಿಕೊಳ್ಳಬೇಕು, ಒಂದು ಕೂಪನ್ ಬೇಕು, ಅಷ್ಟೇ ಕೆಲಸ ಅಂದರೆ ಇದಕ್ಕಿಂತ ಸಲೀಸಾದದ್ದು ನನಗೆ ಸಿಕ್ಕಿಲ್ಲ. ಗೆರಿಲ್ಲಾ ಮೇಲ್ ಕೂಡ ಇದೇ ಜಾತಿಯದು. ಅಲ್ಲಿ ಬಂದ ಮೇಲ್ ಒಂದು ಗಂಟೆ ಉಳಿಯುತ್ತದೆ.

ಮೇಲಿನೇಟರ್ ಇವುಗಳಲ್ಲೇ ಹಳೆಯದು, 2003ರಿಂದ ಇದೆ. ಅಲ್ಲಿ ವಿಳಾಸ ಮಾಡಿಕೊಳ್ಳುವ ಕೆಲಸವೂ ಇಲ್ಲ. ಮನಸ್ಸಿಗೆ ಬಂದ ಹೆಸರು ಕೊಟ್ಟು, ಆಮೇಲೆ ಹೋಗಿ ಅದೇ ಹೆಸರಿನ ಡಬ್ಬಿ ತೆರೆದು ನೋಡಿದರಾಯಿತು. ಪಾಸ್‌ವರ್ಡ್ ಇಲ್ಲ. ಪಾಸ್‌ವರ್ಡ್ ಇಲ್ಲ ಅಂದರೆ ನಿಮಗೂ ಇಲ್ಲ, ಬೇರೆಯವರಿಗೂ ಇಲ್ಲ! ಪರೀಕ್ಷೆಗೆಂದು ನಾನೊಂದು ಸಾಮಾನ್ಯ ಹೆಸರು ಟೈಪ್ ಮಾಡಿದೆ. ಯಾರದೋ ಖಾತೆಯ ಪಾಸ್‌ವರ್ಡ್ ಬದಲಿಸುವ ಲಿಂಕ್ ನನ್ನ ಕಣ್ಣೆದುರು ಬಿದ್ದಿತ್ತು. ತಕ್ಷಣ ಪುಟ ಮುಚ್ಚಿದೆ. ನಿಮ್ಮ ಹೆಸರು, ಊರು, ಆರ್ಡರ್ ನಂಬರ್ ಬರುವ ಯಾವ ಮೇಲ್‌ಗೂ ಇದನ್ನು ದಯವಿಟ್ಟು ಕೊಡಬೇಡಿ.

ಈ ಮೂರರ ಜೊತೆ ಇನ್ನೊಂದು ತಲೆನೋವೂ ಇದೆ. ಇವುಗಳ ಡೊಮೇನ್ ಹೆಸರುಗಳು, ಅಂದರೆ ವಿಳಾಸದಲ್ಲಿ @ ಆದಮೇಲೆ ಬರುವ ಭಾಗ, ಎಲ್ಲರಿಗೂ ಗೊತ್ತಿರುವಂಥವು. ಹಾಗಾಗಿ ನಾನು ಹೋದ ಕಡೆಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಬಾಗಿಲಲ್ಲೇ ತಡೆದವು.

ಆದರೆ ನನಗೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ಅಮ್ಮನ ಅರವತ್ತನೇ ಹುಟ್ಟುಹಬ್ಬಕ್ಕೆ ಫೋಟೊ ಪುಸ್ತಕ ಮಾಡಿಸಲು ಒಂದು ಕಡೆ ಖಾತೆ ತೆರೆದೆ. ಸುಮ್ನೆ ನೋಡೋಣ ಅಂತ ಹತ್ತು ನಿಮಿಷದ ವಿಳಾಸ ಕೊಟ್ಟಿದ್ದೆ. ನೋಡುತ್ತಾ ನೋಡುತ್ತಾ ಇಷ್ಟವಾಗಿ, ಫೋಟೊಗಳನ್ನೆಲ್ಲ ಜೋಡಿಸಿ, ಹಣವನ್ನೂ ಕಟ್ಟಿಬಿಟ್ಟೆ. ವಾರದ ಮೇಲೆ ಒಂದು ಪುಟ ತಿದ್ದಲು ಹೋದರೆ ಪಾಸ್‌ವರ್ಡ್ ನೆನಪಾಗಲಿಲ್ಲ. ಹೊಸ ಪಾಸ್‌ವರ್ಡ್‌ನ ಲಿಂಕ್ ಹೋಗುವುದು ಆ ಸತ್ತ ವಿಳಾಸಕ್ಕೆ. ಸಹಾಯವಾಣಿಯವರು ಆ ಇಮೇಲ್‌ನಿಂದಲೇ ಬರೆಯಿರಿ ಅಂದರು. ಎಲ್ಲಿಂದ ಬರೆಯಲಿ? ಪುಸ್ತಕ ಬಂತು, ಆದರೆ ಅಜ್ಜಿಯ ಹೆಸರು ತಪ್ಪಾಗಿಯೇ ಅಚ್ಚಾಗಿ ಬಂತು.

ಅದಾದ ಮೇಲೆ ನಾನು ಮುಖವಾಡದ ಇಮೇಲ್ ಕಡೆ ತಿರುಗಿದೆ. ಇದರ ಲೆಕ್ಕ ಸರಳ. ಸೇವೆಯವರು ನಿಮಗೊಂದು ಬೇರೆ ವಿಳಾಸ ಕೊಡುತ್ತಾರೆ. ಅದಕ್ಕೆ ಬಂದದ್ದು ನಿಮ್ಮ ಅಸಲಿ ಇನ್‌ಬಾಕ್ಸ್‌ಗೆ ಫಾರ್ವರ್ಡ್ ಆಗುತ್ತದೆ. ನೀವು ಮುಚ್ಚುವ ತನಕ ಅದು ಬದುಕಿರುತ್ತದೆ. ಅಂಗಡಿಗೆ ಅಸಲಿ ವಿಳಾಸ ಕಾಣುವುದಿಲ್ಲ.

ಡಕ್‌ಡಕ್‌ಗೋ ಅನ್ನುವ ಸರ್ಚ್ ಎಂಜಿನ್ ಕಂಪನಿ ಉಚಿತವಾಗಿ ಕೊಡುವ ಡಕ್ ವಿಳಾಸಗಳನ್ನು ನಾನು ಜಾಸ್ತಿ ಬಳಸಿದೆ. 2022ರಿಂದ ಎಲ್ಲರಿಗೂ ಸಿಗುತ್ತಿದೆ. ಬ್ರೌಸರ್‌ಗೆ ಅವರ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಹಾಕಿಕೊಂಡರೆ, ಫಾರ್ಮ್ ತುಂಬುವಾಗ ಅಲ್ಲೇ ಹೊಸ ವಿಳಾಸ ಹುಟ್ಟುತ್ತದೆ. ಇಷ್ಟವಾದ ಇನ್ನೊಂದು ಸಂಗತಿ ಹೇಳಬೇಕು. ಜಾಹೀರಾತಿನ ಮೇಲ್‌ಗಳಲ್ಲಿ ಕಣ್ಣಿಗೆ ಕಾಣದ ಪುಟ್ಟ ಚಿತ್ರ ಅಡಗಿಸಿರುತ್ತಾರೆ. ನೀವು ಮೇಲ್ ತೆರೆದ ಕೂಡಲೇ ಅದು ಕಳಿಸಿದವರಿಗೆ ಸುದ್ದಿ ಮುಟ್ಟಿಸುತ್ತದೆ. ಡಕ್ ಅದನ್ನು ಕಿತ್ತುಹಾಕಿ, ತೆಗೆದದ್ದರ ವಿವರವನ್ನು ಮೇಲ್‌ನ ತಲೆಯಲ್ಲೇ ತೋರಿಸುತ್ತದೆ. ಕೊರತೆ ಅಂದರೆ, ಯಾವ ವಿಳಾಸ ಎಲ್ಲಿ ಕೊಟ್ಟೆ ಅನ್ನುವ ಪಟ್ಟಿ ನನಗೆ ಅಲ್ಲಿ ಸಿಗಲಿಲ್ಲ. ಡೈರಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೇನೆ.

ಆ ಪಟ್ಟಿ ಫೈರ್‌ಫಾಕ್ಸ್ ಬ್ರೌಸರ್‌ನವರ ಮುಖವಾಡದ ಸೇವೆಯಾದ ಫೈರ್‌ಫಾಕ್ಸ್ ರಿಲೇಯಲ್ಲಿ ಚೆನ್ನಾಗಿದೆ. ಒಂದೊಂದು ವಿಳಾಸಕ್ಕೂ ಹೆಸರಿಟ್ಟು, ಎಷ್ಟು ಮೇಲ್ ಬಂತು, ಎಷ್ಟು ತಡೆಯಿತು ಅಂತ ನೋಡಬಹುದು. ಬೇಡವಾದರೆ ಆಫ್ ಮಾಡಬಹುದು. ಉಚಿತವಾಗಿ ಐದೇ ವಿಳಾಸ ಸಿಗುವುದು ಒಂದು ಸಂಕಟ. ಉತ್ತರ ಬರೆಯಬೇಕಾದರೆ ದುಡ್ಡು ಕೊಡಬೇಕು. ಇಂಥದೇ ಇನ್ನೊಂದು ಸೇವೆ ಸಿಂಪಲ್‌ಲಾಗಿನ್ ಉಚಿತವಾಗಿ ಹತ್ತು ಕೊಡುತ್ತದೆ, ಉತ್ತರವನ್ನೂ ಕಳಿಸಬಹುದು. 2022ರಲ್ಲಿ ಅದನ್ನು ಪ್ರೋಟಾನ್ ಕಂಪನಿ ಕೊಂಡುಕೊಂಡಿತು. ಮೊದಲ ದಿನ ಅದರ ಸೆಟ್ಟಿಂಗ್‌ಗಳು ಸ್ವಲ್ಪ ಗೊಂದಲ ಅನ್ನಿಸುತ್ತವೆ. ಅಕ್ಕ ಐಫೋನ್‌ನಲ್ಲಿ ಆಪಲ್‌ನವರದೇ ಮುಖವಾಡದ ಸೇವೆ ಹೈಡ್ ಮೈ ಇಮೇಲ್ ಬಳಸುತ್ತಾಳೆ. ಆಪಲ್‌ನ ಐಕ್ಲೌಡ್ ಪ್ಲಸ್ ಚಂದಾಗೆ ತಿಂಗಳು ತಿಂಗಳು ಹಣ ಕಟ್ಟುವವರಾದರೆ ಬೇರೇನೂ ಹುಡುಕಬೇಕಿಲ್ಲ.

ಈ ಮುಖವಾಡದ ವಿಳಾಸಗಳ ನಿಜವಾದ ಉಪಯೋಗ ನನಗೆ ಗೊತ್ತಾದದ್ದು ಒಂದು ಚಪ್ಪಲಿ ಅಂಗಡಿಯಿಂದ. ಬಿಲ್ ಕಳಿಸಲು ಇಮೇಲ್ ಕೇಳಿದರು, ಅವರಿಗೆಂದೇ ಮಾಡಿದ ರಿಲೇ ವಿಳಾಸ ಕೊಟ್ಟೆ. ಮೂರು ವಾರದಲ್ಲಿ ಅದೇ ವಿಳಾಸಕ್ಕೆ ವೈಯಕ್ತಿಕ ಸಾಲದ ಮೇಲ್ ಬಂತು. ಬೇರೆ ಯಾರಿಗೂ ನಾನು ಅದನ್ನು ಕೊಟ್ಟೇ ಇರಲಿಲ್ಲ. ಆಫ್ ಮಾಡಿದೆ, ಮುಗಿಯಿತು. ಮೊದಲಾಗಿದ್ದರೆ ಯಾರ ಮೇಲೆ ಅನುಮಾನ ಪಡಬೇಕು ಅಂತಲೂ ತಿಳಿಯುತ್ತಿರಲಿಲ್ಲ, ಅಲ್ವಾ?

ಬ್ಯಾಂಕು, ಆದಾಯ ತೆರಿಗೆ, ಪಾಸ್‌ಪೋರ್ಟ್, ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಅರ್ಜಿ ಇವಕ್ಕೆ ಮಾತ್ರ ಅಸಲಿ ವಿಳಾಸವನ್ನೇ ಕೊಡುತ್ತೇನೆ. ಮುಖವಾಡದ ವಿಳಾಸದಲ್ಲಿ ಮೇಲ್ ಇನ್ನೊಂದು ಕಂಪನಿಯ ಕೈ ದಾಟಿ ಬರುತ್ತದೆ. ಆ ಕಂಪನಿ ನಾಳೆ ಸೇವೆ ನಿಲ್ಲಿಸಿದರೆ ನಮ್ಮ ದಾರಿಯೂ ಕಟ್ಟಾಗುತ್ತದೆ. ಮತ್ತೆ, ಇಮೇಲ್ ಅಡಗಿಸಿ ಫೋನ್ ನಂಬರ್ ಕೊಟ್ಟರೆ ಕರೆಗಳು ನಿಲ್ಲುವುದಿಲ್ಲ. ಅದಕ್ಕೆ 1909ಕ್ಕೆ ಡಿಎನ್‌ಡಿ (ಜಾಹೀರಾತಿನ ಕರೆ ಬೇಡ ಅನ್ನುವ) ನೋಂದಣಿ ಬೇರೆಯೇ ಮಾಡಿಸಬೇಕು.

ಈಗ ನನ್ನ ಪದ್ಧತಿ ಹೀಗಿದೆ. ಆ ಪುಟಕ್ಕೆ ಮತ್ತೆ ಹೋಗುವ ಸಾಧ್ಯತೆ ಚೂರೂ ಇಲ್ಲದಿದ್ದರೆ 10 ಮಿನಿಟ್ ಮೇಲ್. ಹಣ, ಫೋಟೊ, ಆರ್ಡರ್ ಏನಿದ್ದರೂ ಡಕ್. ತುಸು ಅನುಮಾನ ಇರುವ ಐದು ಕಡೆಗೆ ರಿಲೇ. ಹಳೆಯ ಖಾತೆಗಳನ್ನು ಭಾನುವಾರಕ್ಕೆ ನಾಲ್ಕೈದರಂತೆ ಹೊಸ ವಿಳಾಸಕ್ಕೆ ಬದಲಿಸುತ್ತಿದ್ದೇನೆ. ಅಪ್ಪನ ಫೋನಿನಲ್ಲೂ ಡಕ್ ಹಾಕಿಕೊಟ್ಟೆ. ಸೈಟ್ ಹುಡುಕಾಟ ಇನ್ನೂ ನಡೆದೇ ಇದೆ.