ವಿಜ್ಞಾನ ವಸ್ತುಪ್ರದರ್ಶನಕ್ಕೆ ಕೊಂಡ ನೀರಾವರಿ ಕಿಟ್: ಬಳಸಿ ನೋಡಿದ ಮೇಲೆ

ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ದಾವಣಗೆರೆಯ ನಮ್ಮ ಶಾಲೆಯಲ್ಲಿ ನಡೆದ ವಸ್ತುಪ್ರದರ್ಶನಕ್ಕಾಗಿ, ಒಂಬತ್ತನೇ ತರಗತಿಯ ನಾವು ಮೂವರು ಹಣ ಕೂಡಿಸಿ ‘ಸ್ವಯಂಚಾಲಿತ ನೀರಾವರಿ’ ಕಿಟ್ ಒಂದನ್ನು ತರಿಸಿದೆವು. ಬೆಂಗಳೂರಿನಲ್ಲಿರುವ ನನ್ನ ಸೋದರಮಾವ ಅದನ್ನು ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ 950 ರೂಪಾಯಿಗೆ ಕೊಂಡು ಕಳುಹಿಸಿದ್ದರು. ಪೆಟ್ಟಿಗೆಯಲ್ಲಿ ಆರ್ಡುಯಿನೊ ಮಾದರಿಯ (ಪ್ರೋಗ್ರಾಮಿನಂತೆ ನಡೆಯುವ ಪುಟ್ಟ ಕಂಪ್ಯೂಟರಿನಂಥ) ಬೋರ್ಡು, ಮಣ್ಣಿಗೆ ಚುಚ್ಚುವ ಎರಡು ಕಾಲಿನ ತೇವಾಂಶ ಸೆನ್ಸರ್, ಬೋರ್ಡು ಹೇಳಿದಂತೆ ಪಂಪನ್ನು ಚಾಲೂ-ಬಂದ್ ಮಾಡುವ ಸ್ವಿಚ್ಚಾದ ರಿಲೇ, ಪುಟ್ಟ ಪಂಪು, ಒಂದು ಮೊಳದಷ್ಟು ಪೈಪು, 9 ವೋಲ್ಟಿನ ಚೌಕ ಬ್ಯಾಟರಿ ಇದ್ದವು. ಪ್ರೋಗ್ರಾಮನ್ನು ಮೊದಲೇ ತುಂಬಿಸಿಕೊಟ್ಟಿದ್ದರು.

ಜೋಡಣೆ ಅರ್ಧ ಗಂಟೆಯಲ್ಲಿ ಮುಗಿಯಿತು, ಆದರೆ ಪಂಪು ತಿರುಗಲಿಲ್ಲ. ರಿಲೇ ಮಾತ್ರ ಟಕ್ ಟಕ್ ಎಂದು ಬಡಿದುಕೊಳ್ಳುತ್ತಿತ್ತು. ಪಂಪು ಚಾಲೂ ಆಗುವ ಕ್ಷಣದಲ್ಲಿ ಎಳೆಯುವಷ್ಟು ವಿದ್ಯುತ್ತನ್ನು ಆ ಚೌಕ ಬ್ಯಾಟರಿ ಕೊಡಲಾರದೆ ವೋಲ್ಟೇಜು ಕುಸಿಯುತ್ತಿತ್ತು, ಬೋರ್ಡು ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು ಎಂಬುದು ನಮ್ಮ ವಿಜ್ಞಾನದ ಮೇಷ್ಟ್ರು ಮೀಟರ್ ಹಿಡಿದು ತೋರಿಸಿದಾಗಲೇ ತಿಳಿದದ್ದು. ಬೋರ್ಡಿಗೆ ಮೊಬೈಲ್ ಚಾರ್ಜರ್, ಪಂಪಿಗೆ ಒಂದೂವರೆ ವೋಲ್ಟಿನ ನಾಲ್ಕು ಸೆಲ್ಲು ಎಂದು ಬೇರೆ ಬೇರೆ ಮಾಡಿದ ಮೇಲೆ ಎಲ್ಲವೂ ಸರಿಹೋಯಿತು. ಹೀಗೆ ಎರಡು ಸರ್ಕ್ಯೂಟುಗಳನ್ನು ಬೇರೆಯಾಗಿ ಇಡಲಿಕ್ಕೆಂದೇ ರಿಲೇ ಇರುವುದು. ಕಿಟ್‌ನೊಂದಿಗೆ ಬಂದ ಒಂದು ಹಾಳೆಯ ಕೈಪಿಡಿಯಲ್ಲಿ ಈ ಮಾತೇ ಇಲ್ಲ.

ಸೆನ್ಸರಿನ ಕಥೆ ಇನ್ನೂ ದೊಡ್ಡದು. ಅಭ್ಯಾಸಕ್ಕೆಂದು ಒದ್ದೆ ಮಣ್ಣಿನಲ್ಲಿ ಮೂರು ದಿನ ಚಾಲೂ ಇಟ್ಟಿದ್ದೆವು. ನಾಲ್ಕನೆಯ ದಿನ ತೆಗೆದು ನೋಡಿದರೆ ಒಂದು ಕಾಲು ಹೊಳೆಯುತ್ತಿತ್ತು, ಇನ್ನೊಂದರ ಲೇಪನ ಎದ್ದುಹೋಗಿ ಅಂಚಿನಲ್ಲಿ ಹಸಿರು ಕಿಲುಬು ಕಟ್ಟಿತ್ತು. ಒಂದೇ ದಿಕ್ಕಿನ ವಿದ್ಯುತ್ತು ಒದ್ದೆ ಮಣ್ಣಿನ ಮೂಲಕ ಹರಿಯುತ್ತಿದ್ದರೆ ಧನ ಧ್ರುವದ ಲೋಹ ಕರಗುತ್ತದೆ ಎಂಬ ವಿದ್ಯುದ್ವಿಭಜನೆಯ ಪಾಠವನ್ನು ಪುಸ್ತಕ ತೆರೆಯುವ ಮೊದಲೇ ಹೂಕುಂಡದಲ್ಲಿ ಕಂಡೆವು. ಹತ್ತು ನಿಮಿಷಕ್ಕೊಮ್ಮೆ, ಅಳೆಯುವಾಗ ಮಾತ್ರ ಸೆನ್ಸರಿಗೆ ವಿದ್ಯುತ್ತು ಹೋಗುವಂತೆ ಪ್ರೋಗ್ರಾಮನ್ನು ತಿದ್ದಿಸಿಕೊಂಡೆವು. ಅಂಗಡಿಯವರೇ ಅದನ್ನು ಹಾಗೆ ಬರೆದುಕೊಡಬಹುದಿತ್ತು.

ಪ್ರದರ್ಶನದ ದಿನ ಪಂಪು ಚೆನ್ನಾಗಿಯೇ ನೀರು ಹಾಕಿತು, ಚಿಕ್ಕ ಮಕ್ಕಳು ಮುಗಿಬಿದ್ದರು. ತೀರ್ಪುಗಾರರಾಗಿ ಬಂದಿದ್ದ ಕಾಲೇಜಿನ ಉಪನ್ಯಾಸಕಿಯೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: “ಇದು ಅಳೆಯುತ್ತಿರುವುದು ನೀರನ್ನೋ, ನೀರಿನಲ್ಲಿ ಕರಗಿದ ಉಪ್ಪನ್ನೋ?” ನಮಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಎರಡು ಕುಂಡಗಳಿಗೆ ಒಂದೇ ಅಳತೆಯ ನೀರು ಹಾಕಿ, ಒಂದಕ್ಕೆ ಮಾತ್ರ ಒಂದು ಚಮಚ ಉಪ್ಪು ಬೆರೆಸಿ ನೋಡಿದೆವು. ಸೆನ್ಸರ್ ಕೊಡುವ ಸಂಖ್ಯೆ ಇಳಿದಷ್ಟೂ ತೇವ ಹೆಚ್ಚೆಂದು ಅರ್ಥ. ಒಣ ಮಣ್ಣಿನಲ್ಲಿ 980ರ ಸುಮಾರಿಗೆ ಇರುತ್ತಿದ್ದ ಆ ಸಂಖ್ಯೆ ಬರೀ ನೀರಿಗೆ 450ಕ್ಕೆ ಇಳಿದರೆ, ಉಪ್ಪುನೀರಿಗೆ 270ಕ್ಕೆ ಇಳಿಯಿತು. ಹಾಗಾದರೆ ಗೊಬ್ಬರ ಹಾಕಿದ ಹೊಲದಲ್ಲಿ ಈ ಯಂತ್ರ ನಿಜಕ್ಕಿಂತ ಹೆಚ್ಚು ತೇವ ಕಂಡು ಪಂಪನ್ನು ಬೇಗ ನಿಲ್ಲಿಸಿಬಿಡುತ್ತದೆ. ನಮ್ಮ ಕಡೆಯ ಎರೆಮಣ್ಣಿಗೂ ಕೆಂಪುಮಣ್ಣಿಗೂ ಪಂಪು ಚಾಲೂ ಆಗಲು ತೇವದ ಒಂದೇ ಮಿತಿ ಸಾಕೆಂದು ಪ್ರೋಗ್ರಾಮಿನಲ್ಲಿ ಬರೆದಿರುವುದೂ ಇಂಥದ್ದೇ ಉದಾಸೀನ. ಬಹುಮಾನ ನಮಗೆ ಬರಲಿಲ್ಲ; ಸೋಪಿನ ನೊರೆಯ ಮೇಲೆ ಬೇರೆ ಬೇರೆ ಬಾವಿಗಳ ನೀರಿನ ಗಡಸುತನ ಏನು ಮಾಡುತ್ತದೆಂದು ತೋರಿಸಿದ ಎಂಟನೇ ತರಗತಿಯ ಹುಡುಗಿಯರಿಗೆ ಬಂತು. ಅವರ ಖರ್ಚು ಸೋಪಿನದಷ್ಟೇ. ಅವರ ಹತ್ತಿರ ಅಳತೆಗಳ ಪಟ್ಟಿ ಇತ್ತು, ನಮ್ಮ ಹತ್ತಿರ ಇರಲಿಲ್ಲ.

ಪಂಪು, ರಿಲೇ, ಬೋರ್ಡು ಮೂರೂ ಗಟ್ಟಿಯಾಗಿವೆ, ಇಂದಿಗೂ ಕೆಲಸ ಮಾಡುತ್ತಿವೆ. ಬ್ಯಾಟರಿ ಮತ್ತು ಸೆನ್ಸರ್ ದಂಡ. ಕೊಳ್ಳುವವರು ಲೋಹ ಮಣ್ಣಿಗೆ ತಾಗದ ಕೆಪ್ಯಾಸಿಟಿವ್ ಸೆನ್ಸರನ್ನು ಬೇರೆಯಾಗಿ ಕೇಳಿ ಪಡೆಯುವುದು ಒಳ್ಳೆಯದು. ಪ್ರದರ್ಶನಕ್ಕೆ ಕನಿಷ್ಠ ಹದಿನೈದು ದಿನ ಮೊದಲೇ ತರಿಸಿಕೊಂಡರೆ, ಉಪ್ಪಿನ ಪ್ರಯೋಗವನ್ನು ನಮ್ಮಂತೆ ಆಮೇಲೆ ಮಾಡುವ ಬದಲು ಮೊದಲೇ ಮಾಡಿ, ಆ ಸಂಖ್ಯೆಗಳನ್ನು ಚಾರ್ಟಿನ ಮೇಲೆ ಬರೆದಿಡಬಹುದು.