ಫೋರ್ಜ್‌ಫೀಂಡ್–ಮಾಲರ್‌ಫೀಂಡ್ ಕಿಟ್: ವರ್ಷಗಟ್ಟಲೆ ಆಡಿದ ಮೇಲೆ ಉಳಿಯುವ ಮಾತು

ಬಿಡಿಭಾಗ ಜೋಡಿಸಿ ಬಣ್ಣ ಹಚ್ಚಿದ ಗೊಂಬೆಗಳಿಂದ ಮೇಜಿನ ಮೇಲೆ ಆಡುವ ಯುದ್ಧದಾಟ ವಾರ್‌ಹ್ಯಾಮರ್ 40,000. ಅದರ ಲೋಕದ ಡೀಮನ್ ಎಂಜಿನ್ ಅಂದರೆ ದೆವ್ವವನ್ನು ಕೂಡಿಹಾಕಿದ ಉಕ್ಕಿನ ಒಡಲು. 2012ರಲ್ಲಿ ಬಂದ ಈ ಪ್ಲಾಸ್ಟಿಕ್ ಕಿಟ್‌ನಲ್ಲಿ ಆ ಸೆರೆವಾಸ ಕಣ್ಣಿಗೆ ಕಾಣುತ್ತದೆ. ಕವಚದ ಸಂದಿನಲ್ಲಿ ನರದಂತೆ ಉಬ್ಬಿದ ಕೇಬಲ್‌ಗಳೇ ಇದರ ಜೀವಾಳ.

ಒಂದೇ ಪೆಟ್ಟಿಗೆಯಿಂದ ಎರಡರಲ್ಲಿ ಒಂದನ್ನು ಕಟ್ಟಬಹುದು. ದೂರದಿಂದ ಹೊಡೆಯುವ ಫೋರ್ಜ್‌ಫೀಂಡ್‌ಗೆ ಹೇಡೀಸ್ ಆಟೋಕ್ಯಾನನ್ ಅಥವಾ ಎಕ್ಟೋಪ್ಲಾಸ್ಮಾ ಕ್ಯಾನನ್. ಬಾಯಿಯ ಜಾಗದಲ್ಲಿ ಮೂರನೇ ಎಕ್ಟೋಪ್ಲಾಸ್ಮಾವನ್ನೂ ಕೂರಿಸಬಹುದು. ಮೇಲೆಬಿದ್ದು ಹರಿಯುವ ಮಾಲರ್‌ಫೀಂಡ್‌ಗೆ ಮ್ಯಾಗ್ಮಾ ಕಟರ್ ಅಥವಾ ಲ್ಯಾಷರ್ ಟೆಂಡ್ರಿಲ್. ಆಟದ ನಿಯಮ ಬದಲಾದಾಗಲೆಲ್ಲ ಯಾವ ಆಯುಧ ಮೇಲು ಎಂಬುದೂ ಬದಲಾಗುತ್ತದೆ. ಹಾಗಾಗಿ ಆಯುಧಗಳನ್ನು ಅಂಟಿಸಿಬಿಡುವುದೇ ಈ ಕಿಟ್‌ನಲ್ಲಿ ಮಾಡಬಹುದಾದ ದೊಡ್ಡ ತಪ್ಪು.

ಆಯುಧದ ಕೀಲುಗಳಿಗೆ 5×2 ಮಿ.ಮೀ. ನಿಯೋಡಿಮಿಯಂ ಆಯಸ್ಕಾಂತ ಸಾಕು. ಆದರೆ ದುಂಡಗಿನ ಒಂದೇ ಆಯಸ್ಕಾಂತ ಹಾಕಿದರೆ ಭಾರದ ತೋಪು ತಿರುಗಿ ಜೋತುಬೀಳುತ್ತದೆ. ಪಕ್ಕದಲ್ಲಿ 1 ಮಿ.ಮೀ. ಹಿತ್ತಾಳೆ ತಂತಿಯ ಚಿಕ್ಕ ಗೂಟವೊಂದನ್ನು ಕೊಟ್ಟರೆ ನಿಲ್ಲುತ್ತದೆ. ಧ್ರುವ ತಪ್ಪದಂತೆ ಪ್ರತಿ ತುಂಡಿನ ಮೇಲೂ ಮಾರ್ಕರ್‌ನಲ್ಲಿ ಗುರುತು ಹಾಕಿ. ಪ್ಲಾಸ್ಟಿಕ್ ಸಿಮೆಂಟ್ ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುವಂಥದ್ದು, ಲೋಹಕ್ಕೆ ಹಿಡಿಯುವುದಿಲ್ಲ. ಆಯಸ್ಕಾಂತಕ್ಕೆ ಸೂಪರ್ ಗ್ಲೂ ಬೇಕು, ಅದರ ಮೈಯನ್ನು ಮೊದಲು ಮರಳು ಕಾಗದದಿಂದ ಒರಟು ಮಾಡಿಕೊಳ್ಳಬೇಕು. ಇಲ್ಲವಾದರೆ ಆಯುಧ ಕಳಚುವಾಗ ಆಯಸ್ಕಾಂತವೂ ಜೊತೆಗೇ ಕಿತ್ತು ಬರುತ್ತದೆ.

ಬಣ್ಣದ ಕೆಲಸ ದೀರ್ಘ, ಅದಕ್ಕೆ ಕಾರಣ ಕವಚದ ಅಂಚುಪಟ್ಟಿ. ಫಲಕಕ್ಕೆ ಬಣ್ಣ ಬಳಿದು ಆಮೇಲೆ ಅಂಚಿನುದ್ದಕ್ಕೂ ಚಿನ್ನದ ಬಣ್ಣ ಎಳೆಯಲು ಹೋದರೆ ತಾಳ್ಮೆ ಮುಗಿಯುತ್ತದೆ. ಕ್ರಮವನ್ನೇ ತಿರುಗಿಸಿ: ಕಪ್ಪು ಪ್ರೈಮರ್, ಕವಚಕ್ಕೆಲ್ಲ ಚಿನ್ನದ ಬಣ್ಣದ ರಿಟ್ರಿಬ್ಯೂಟರ್ ಆರ್ಮರ್, ಆಮೇಲೆ ತಗ್ಗಿನಲ್ಲಿರುವ ಫಲಕಕ್ಕೆ ತೆಳು ಮಾಡಿದ ಬಣ್ಣ ಎರಡು ಕೋಟ್. ತಗ್ಗಿನ ಗೋಡೆಯೇ ಕುಂಚಕ್ಕೆ ದಾರಿ ತೋರಿಸುತ್ತದೆ. ಅಸ್ಥಿಪಂಜರಕ್ಕೆ ಉಕ್ಕಿನ ಬಣ್ಣದ ಲೆಡ್‌ಬೆಲ್ಚರ್, ಅದರ ಮೇಲೆ ನುಲ್ನ್ ಆಯಿಲ್ ಎಂಬ ಕಪ್ಪು ವಾಷ್ (ಸಂದುಗಳಿಗೆ ಇಳಿಯುವ ತೆಳು ಬಣ್ಣ). ಈ ವಾಷ್ ಸಂದುಗಳಿಗಷ್ಟೇ ಇರಲಿ. ಚಪ್ಪಟೆ ಫಲಕದಲ್ಲಿ ನಿಂತು ಒಣಗಿದರೆ ನೀರಿನ ಕಲೆಯಂಥ ವರ್ತುಲ ಉಳಿಯುತ್ತದೆ. ತಲೆ ಮತ್ತು ಆಯುಧಗಳನ್ನು ಬಿಡಿಯಾಗಿಯೇ ಬಣ್ಣ ಹಚ್ಚಿ, ಜೋಡಿಸಿದ ಮೇಲೆ ಎದೆಯ ಕೇಬಲ್‌ಗಳಿಗೆ ಕುಂಚ ತಲುಪುವುದು ಕಷ್ಟ.

ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಸ್ಪ್ರೇ ವಾರ್ನಿಷ್ ಮುಟ್ಟಬೇಡಿ. ಗಾಳಿಯ ತೇವಕ್ಕೆ ಅದು ಬೆಳ್ಳಗೆ ಮಂಜುಗಟ್ಟಿ ವಾರಗಟ್ಟಲೆ ಮಾಡಿದ ಕೆಲಸವನ್ನು ಮುಚ್ಚಿಬಿಡುತ್ತದೆ. ಕುಂಚದಲ್ಲಿ ಬಳಿಯುವ ಮ್ಯಾಟ್ ವಾರ್ನಿಷ್ ನಿಧಾನವಾದರೂ ನಂಬಬಹುದು. ಆಡುತ್ತಾ ಆಡುತ್ತಾ ಬಣ್ಣ ಮೊದಲು ಸವೆಯುವುದು ಕೈ ತಾಗುವ ಚೂಪು ತುದಿಗಳಲ್ಲಿ, ಅಲ್ಲಿ ಎರಡು ಕೋಟ್ ಇರಲಿ. ಸಾಗಿಸಲು ಫೋಮ್ ಬೇಡ, ಅದು ತುದಿಗಳನ್ನೇ ಉಜ್ಜುತ್ತದೆ. ಅಂಡಾಕಾರದ ಬೇಸ್‌ನ ಅಡಿಗೆ ನಾಲ್ಕು ಆಯಸ್ಕಾಂತ ಅಂಟಿಸಿ, ತಳಕ್ಕೆ ಕಬ್ಬಿಣದ ತಗಡು ಹಾಕಿದ ಡಬ್ಬಿಯಲ್ಲಿ ನಿಲ್ಲಿಸಿಕೊಂಡು ಹೋಗಿ.